ಎಕ್ಸ್‌ರೇ ಹಾಳೆಯ ಕಾಫಿ ಹೂವು

ಕಾರ್ಡಕ್ಕನ ಬಲಗೈ ತೋರುಬೆರಳು ತುದಿಯಲ್ಲಿ ಒಂದು ಪಕ್ಕಕ್ಕೆ ಚಪ್ಪಟೆಯಾಗಿತ್ತು. ಕಡ್ಡಿ ಒತ್ತಿ ಒತ್ತಿ ಚರ್ಮ ಗಟ್ಟಿಯಾಗಿ, ಹೊಳಪು ಬಂದು, ಅಲ್ಲಿ ಗೆರೆಗಳೇ ಉಳಿದಿರಲಿಲ್ಲ. ರೇಷನ್ ಅಂಗಡಿಯ ಬೆರಳಚ್ಚು ಮಿಷನ್ನಿಗೆ ಆ ಬೆರಳಿನ ಗುರುತು ಒಮ್ಮೆಯೂ ಸಿಕ್ಕಿದ್ದಿಲ್ಲ. ಅದು ಪ್ರತಿ ತಿಂಗಳೂ ಬೇಡ ಅನ್ನುತ್ತಿತ್ತು, ಇವರು ಪ್ರತಿ ತಿಂಗಳೂ ಅದೇ ಬೆರಳನ್ನು ಇಡುತ್ತಿದ್ದರು. ಬೇರೆ ಬೆರಳು ಕೊಡಿ ಎಂದು ಅಂಗಡಿಯವನು ಬೇಡಿಕೊಂಡರೆ, "ದುಡಿಯೋ ಬೆರಳು ಇದು. ನಿನ್ನ ಮಿಷನ್ನು ಮೊದ್ಲು ಇದನ್ನ ಗುರ್ತು ಹಿಡೀಲಿ" ಎಂದು ಹಿಂದಿನ ಸಾಲನ್ನೆಲ್ಲ ಕಾಯಿಸುತ್ತಿದ್ದರು. ಸಾಲಿನಲ್ಲಿ ನಾನೂ ಇರುತ್ತಿದ್ದೆ. ಸಿಟ್ಟು ಬರುತ್ತಿತ್ತು, ಆದರೆ ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಮೂಡಿಗೆರೆಯಲ್ಲಿ ಬಸ್‌ಸ್ಟ್ಯಾಂಡಿನಿಂದ ಏರು ಹತ್ತುವ ರಸ್ತೆಯಲ್ಲಿ ಅವರ ಅಂಗಡಿ. ಮುಂದುಗಡೆ ಶಾಲೆ ಮಕ್ಕಳ ಪೆನ್ಸಿಲ್ಲು, ಗೋಂದು, ಬಣ್ಣದ ಕಾಗದ. ಹಿಂದುಗಡೆ ಒಂದು ಮೇಜು. ಅದರ ಮೇಲೆ ಕಿಟಕಿ ಗಾಜು, ಗಾಜಿನ ಕೆಳಗೆ ಬಲ್ಬು. ಅವರ ನಿಜವಾದ ಅಂಗಡಿ ಆ ಮೇಜೇ. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಉಬ್ಬು ಚಿತ್ತಾರದ ಕಾರ್ಡುಗಳನ್ನು ಅಲ್ಲಿ ಕೂತು ಕೈಯಲ್ಲೇ ಮಾಡುತ್ತಿದ್ದರು. ಹಾಗಾಗಿ ಊರಿಗೆಲ್ಲ ಅವರು ಕಾರ್ಡಕ್ಕ.

ನಾನು ಗಂಡನ ಮನೆ ಸಾಕೆಂದು ಸಂಸೆಯಿಂದ ಹೊಲಿಗೆ ಮಿಷನ್ನೊಂದನ್ನು ಬಸ್ಸಿಗೆ ಹಾಕಿಕೊಂಡು ಬಂದವಳು. ಬಾಡಿಗೆಗೆ ಜಾಗ ಕೇಳಿದಲ್ಲೆಲ್ಲ ಮೊದಲು ಗಂಡ ಎಲ್ಲಿ ಎಂದು ಕೇಳಿದರು, ಆಮೇಲೆ ಜಾಗ ಇಲ್ಲ ಎಂದರು. ಕಾರ್ಡಕ್ಕ ಗಂಡನ ವಿಷಯ ಎತ್ತಲೇ ಇಲ್ಲ. ಮಿಷನ್ನು ಸದ್ದು ಮಾಡುತ್ತಾ ಎಂದು ಮಾತ್ರ ಕೇಳಿದರು. ಮಾಡುತ್ತೆ ಎಂದೆ.

"ಮಾಡ್ಲಿ. ಈ ರಸ್ತೇಲಿ ಹೆಂಗಸ್ರ ಸದ್ದು ಕಮ್ಮಿ ಆಯ್ತು" ಎಂದು ತಾವೇ ಕಪಾಟು ಸರಿಸಿ ಅಂಗಡಿಯ ಅರ್ಧ ಭಾಗವನ್ನು ನನಗೆ ಬಿಟ್ಟರು.

ಅವರ ಕೆಲಸ ನೋಡುತ್ತಾ ನೋಡುತ್ತಾ ನನಗೂ ಬಂತು. ಗಟ್ಟಿ ಹಾಳೆಯಲ್ಲಿ ಹೂವಿನ ಆಕಾರಕ್ಕೆ ಕಂಡಿ ಕೊರೆದ ಸ್ಟೆನ್ಸಿಲ್ಲನ್ನು ಗಾಜಿನ ಮೇಲಿಡಬೇಕು. ಅವರು ಅದನ್ನು ಅಚ್ಚು ಎನ್ನುತ್ತಿದ್ದರು. ಅದರ ಮೇಲೆ ಕಾರ್ಡನ್ನು ಮಗುಚಿ ಹಾಕಿದರೆ ಕೆಳಗಿನ ಬಲ್ಬಿನ ಬೆಳಕಿಗೆ ಕಂಡಿ ಕಾಣುತ್ತದೆ. ಕಂಡಿಯ ಅಂಚು ಹಿಡಿದು ಗುಂಡು ತುದಿಯ ಕಡ್ಡಿಯಿಂದ ಒತ್ತುತ್ತಾ ಹೋದರೆ ಕಾಗದದ ಆಚೆ ಮುಖದಲ್ಲಿ ಹೂವು ಎದ್ದು ನಿಲ್ಲುತ್ತದೆ. ಹೂವಿಗೆ ಬಣ್ಣವಿಲ್ಲ, ಶಾಯಿಯಿಲ್ಲ. ಕಡ್ಡಿ ಎಂದರೆ ಅವರ ಹಳೆಯ ಕ್ರೋಶಾ ಕಡ್ಡಿಯ ಹಿಂದಿನ ತುದಿ. ಅದು ತಡೆಯದೆ ಜಾರಲಿ ಎಂದು ಆಗಾಗ ತಲೆಗೂದಲಿನಲ್ಲಿ ಒಮ್ಮೆ ಆಡಿಸಿಕೊಳ್ಳುತ್ತಿದ್ದರು. ಅವರ ಕಾರ್ಡು ಮೂಸಿದರೆ ಒಂದಿಷ್ಟು ತೆಂಗಿನೆಣ್ಣೆ ವಾಸನೆ ಬರುತ್ತದೆ ಎಂದು ನಾನು ರೇಗಿಸುತ್ತಿದ್ದೆ.

ನಮ್ಮ ಮಳೆಗಾಲ ಈ ಕೆಲಸದ ಶತ್ರು. ಶೀತ ಹಿಡಿದ ಕಾಗದದಲ್ಲಿ ಬೆಳಗ್ಗೆ ಎದ್ದ ಹೂವು ಸಂಜೆಗೆ ಮಲಗಿಬಿಡುತ್ತದೆ. ಕಾಫಿ ಒಣಗಿದೆಯೇ ಎಂದು ಬೀಜ ಕಚ್ಚಿ ನೋಡುವ ಹಾಗೆ, ಕಾರ್ಡಕ್ಕ ಕಾಗದದ ಮೂಲೆಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದರು. ಸದ್ದು ಬಾರದಿದ್ದರೆ ಎಂಥ ಗಿರಾಕಿಯಾದರೂ ಕಾಯಬೇಕು. ಕರೆಂಟು ಹೋದರೆ ಸ್ಟೆನ್ಸಿಲ್ಲು, ಕಾರ್ಡು ಎರಡನ್ನೂ ಅಂಗಡಿಯ ಮುಂದಿನ ಗಾಜಿನ ಬಾಗಿಲಿಗೆ ಒತ್ತಿ ಹಿಡಿದು, ಹೊರಗಿನ ಬೆಳಕಿಗೆ ನಿಂತೇ ಕಡ್ಡಿ ಆಡಿಸುತ್ತಿದ್ದರು. ಈಗ ಎಲ್ಲರೂ ಫೋನಿನಲ್ಲೇ ಕರೆಯುತ್ತಾರಲ್ಲ ಅಕ್ಕಾ, ಇದೆಲ್ಲ ಯಾರಿಗೆ ಬೇಕು ಎಂದು ಒಮ್ಮೆ ಕೇಳಿದೆ. ಫೋನಿನ ಕಾರ್ಡನ್ನು ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡು, ಯಾರ ಮದುವೆ ಅಂತ ಗೊತ್ತಾಗುತ್ತಾ ಎಂದು ತಿರುಗಿ ಕೇಳಿದರು.

ಕಾರ್ಡಕ್ಕನ ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ಕುಂಕುಮ. ಗಂಡ ಹೋದ ಮೇಲೆ ಕುಂಕುಮ ಯಾಕೆ ಎಂದು ನೆಂಟರ ಹೆಂಗಸೊಬ್ಬರು ನನ್ನೆದುರಿಗೇ ಕೆಣಕಿದಾಗ, "ವಿಭೂತಿ ದೇವ್ರದ್ದು, ಕುಂಕುಮ ನಂದು" ಎಂದು ತಲೆ ಎತ್ತದೆ ಹೇಳಿ ಕೆಲಸ ಮುಂದುವರಿಸಿದ್ದರು.

ಅವರ ಗಂಡ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಎದೆಯ ಕಾಯಿಲೆಯಲ್ಲಿ ಹೋದರು. ಆಮೇಲೆ ಬಟ್ಟೆ, ಚಾಪೆ, ಚಪ್ಪಲಿ ಎಲ್ಲವನ್ನೂ ಮನೆಯವರು ಹೊಳೆಗೆ ಬಿಟ್ಟರಂತೆ. ಆಸ್ಪತ್ರೆಯ ಎಕ್ಸ್‌ರೇ ಹಾಳೆಯನ್ನೂ ಬಿಡಲು ಹೋದಾಗ ಕಾರ್ಡಕ್ಕ ಕಿತ್ತುಕೊಂಡರಂತೆ. ಮದುವೆಯ ಫೋಟೋಗೆ ಮಳೆಗಾಲದ ಬೂಷ್ಟು ಹಿಡಿದು ಗಂಡನ ಮುಖವೇ ಅಳಿಸಿಹೋಗಿತ್ತು. ಉಳಿದ ಚಿತ್ರವೆಂದರೆ ಈ ಎಕ್ಸ್‌ರೇ ಒಂದೇ. ಅದನ್ನು ಪೆಟ್ಟಿಗೆಯಲ್ಲಿಟ್ಟರೆ ಅದಕ್ಕೂ ಬೂಷ್ಟು ಹಿಡಿಯುತ್ತದೆ, ದಿನಾ ಕೈಯಾಡಿದರೆ ಉಳಿಯುತ್ತದೆ ಎಂದುಕೊಂಡರು. ಪಕ್ಕೆಲುಬುಗಳ ನಡುವೆ ಕಾಫಿ ಹೂವಿನ ಗೊಂಚಲು ಕೊರೆದರು. ಅವರ ಮೊದಲ ಸ್ಟೆನ್ಸಿಲ್ಲು ಅದು. ಬಿಳಿ ಕಾಗದದ ಮೇಲೆ ಬಿಳಿಯಾಗಿಯೇ ಏಳುವ ಕಾಫಿ ಹೂವನ್ನು ಕೇಳಿಕೊಂಡೇ ಜನ ಬರುತ್ತಿದ್ದರು. ಅದನ್ನು ಯಾವುದರಲ್ಲಿ ಕೊರೆದಿದೆ ಎಂದು ಯಾರೂ ನೋಡಿರಲಿಲ್ಲ.

ನೋಡಿದವರು ಎಸ್ಟೇಟಿನ ಅಮ್ಮಾವ್ರೊಬ್ಬರು. ಮಗಳ ಮದುವೆಗೆ ಕಾರ್ಡು ಹೇಳಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾಗಿದ್ದ ವಾರ ಅದು. ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದವರು ಮೇಜಿನ ಮೇಲಿದ್ದ ಸ್ಟೆನ್ಸಿಲ್ಲನ್ನು ಸುಮ್ಮನೆ ಕೈಗೆತ್ತಿಕೊಂಡು ಬಲ್ಬಿನ ಬೆಳಕಿಗೆ ಹಿಡಿದರು. ನಾನು ರವಿಕೆಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದೆ. ಅವರ ಮುಖ ಬದಲಾಗಿದ್ದು ಅಲ್ಲಿಂದಲೇ ಕಂಡಿತು. ಇದು ಯಾರದು ಎಂದು ಕೇಳಿದರು. ನಮ್ಮನೆಯವ್ರದು ಎಂದರು ಕಾರ್ಡಕ್ಕ.

"ಸತ್ತೋರ ಎದೆ ಇಟ್ಕಂಡು ನನ್ನ ಮಗಳ ಲಗ್ನಪತ್ರಿಕೆ ಮಾಡ್ತಿದೀರಾ?"

ಕಾರ್ಡಕ್ಕ ಸ್ಟೆನ್ಸಿಲ್ಲನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿಕೊಂಡರು. "ಸತ್ತಾಗಿಂದಲ್ಲ ಅಮ್ಮಾವ್ರೆ ಇದು. ಉಸ್ರು ಹಿಡ್ಕಳಿ ಅಂದಾಗ ಹಿಡ್ಕಂಡು ನಿಂತಿದ್ರಲ್ಲ, ಆವಾಗಿಂದು. ಬದುಕಿದ್ದ ಎದೆ."

ಅಮ್ಮಾವ್ರು ಕೆಟ್ಟವರಲ್ಲ. ಹೆದರಿದ್ದರು ಅಷ್ಟೇ. ಹೊಸ ಪ್ಲಾಸ್ಟಿಕ್ ಹಾಳೆಯಲ್ಲಿ ಬೇರೆ ಹೂವು ಕೊರೆದು ಮಾಡಿಕೊಡುವುದಾದರೆ ಸರಿ, ಇಲ್ಲದಿದ್ದರೆ ಬೇಡವೇ ಬೇಡ ಎಂದು ಹೊರಟರು. ಎದುರಂಗಡಿಯವರು ಬಂದು ಬುದ್ಧಿ ಹೇಳಿದರು. ದೊಡ್ಡ ಮನೆ, ಅವರು ಬಿಟ್ಟರೆ ಉಳಿದ ಎಸ್ಟೇಟಿನವರೂ ಬಿಡುತ್ತಾರೆ, ಅಂಗಡಿ ನಡೆಯುವುದು ಹೇಗೆ ಎಂದರು. ನನಗೂ ಹಾಗೇ ಅನ್ನಿಸಿತು. ಇನ್ನೊಂದು ಹಾಳೆ ಕೊರೆಯೋಣ, ನಾನೇ ಕೊರೆಯುತ್ತೇನೆ ಎಂದೆ.

"ಇವತ್ತು ಈ ಅಚ್ಚು ಬೇಡ ಅಂತಾರೆ. ನಾಳೆ ಗಂಡ ಇಲ್ಲದೋಳ ಕೈ ಬೇಡ ಅಂತಾರೆ. ಕೈ ಎಲ್ಲಿಂದ ಬದಲಾಯಿಸ್ಲಿ ಮಾರಾಯ್ತಿ?" ಎಂದರು.

ಬೇಡವೆಂದವರ ಕಾರ್ಡುಗಳನ್ನು ಅದೇ ಸ್ಟೆನ್ಸಿಲ್ಲಿನಲ್ಲಿ ಕೊನೆಯವರೆಗೂ ಮುಗಿಸಿದರು. ನಾಲ್ಕು ಮೂಲೆಗೂ ಅರಿಶಿನ ಕುಂಕುಮವನ್ನು ತಮ್ಮ ಕೈಯಾರೆ ಹಚ್ಚಿದರು. ನನ್ನನ್ನು ಜೊತೆಗೆ ಹೊರಡಿಸಿಕೊಂಡು, ಜೀಪು ಹತ್ತಿ, ಆ ಮನೆಯ ಜಗುಲಿಯ ಮೇಲೆ ಕಟ್ಟು ಇಟ್ಟರು. ಮದುವೆ ಹುಡುಗಿಯ ಹೆಸರಿರುವ ಕೆಲಸವನ್ನು ಅರ್ಧಕ್ಕೆ ಬಿಡುವುದು ಅಪಶಕುನ, ಅದನ್ನು ನಾನು ಮಾಡುವವಳಲ್ಲ, ನಿಮಗೆ ಬೇಡವಾದರೆ ಒಲೆಗೆ ಹಾಕಿ ಎಂದು ಹೇಳಿ, ಉತ್ತರಕ್ಕೆ ಕಾಯದೆ ಇಳಿದು ಬಂದರು. ದಾರಿಯಲ್ಲಿ ಅವರ ಕೈಯನ್ನು ನಾನು ಹಿಡಿದುಕೊಂಡೆ, ಅವರು ಬೇಡ ಅನ್ನಲಿಲ್ಲ. ಆ ಮದುವೆಗೆ ಹಂಚಿದ್ದು ಚಿಕ್ಕಮಗಳೂರಿನ ಪ್ರೆಸ್ಸಿನ ಕಾರ್ಡು ಎಂದು ಆಮೇಲೆ ಗೊತ್ತಾಯಿತು.

ಎದುರಂಗಡಿಯವರು ಹೇಳಿದಂತೆಯೇ ಆಯಿತು. ಎಸ್ಟೇಟಿನ ಕಡೆಯ ಮದುವೆಗಳು ನಿಂತವು. ಬೇರೆ ಯಾರಾದರೂ ಆಗಿದ್ದರೆ ಆ ಹಾಳೆಯನ್ನು ಒಳಗೆ ಮುಚ್ಚಿಡುತ್ತಿದ್ದರು. ಕಾರ್ಡಕ್ಕ ಅದನ್ನು ತಂದು ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದರು. ಕೆಲಸಕ್ಕೆ ಬೇಕಾದಾಗ ತೆಗೆಯುವುದು, ಮುಗಿದ ಮೇಲೆ ಮತ್ತೆ ಅಲ್ಲಿಗೇ ಹಾಕುವುದು. ರಸ್ತೆಯಲ್ಲಿ ಹೋಗುವವರಿಗೆಲ್ಲ ಪಕ್ಕೆಲುಬು ಕಾಣುತ್ತಿತ್ತು. ಬಿಸಿಲು ಬಿದ್ದಾಗ ನೆಲದ ಮೇಲೆ ಕಾಫಿ ಹೂವಿನ ಬೆಳಕು ಬೀಳುತ್ತಿತ್ತು, ಶಾಲೆಯ ಹುಡುಗಿಯರು ಅದರೊಳಗೆ ಕೈಯಿಟ್ಟು ಆಡುತ್ತಿದ್ದರು. ಹೊಸ ಹೋಂಸ್ಟೇಗಳವರು, ಸಣ್ಣ ಹಿಡುವಳಿಯ ಮನೆಯವರು ಮೆಲ್ಲಗೆ ಬಂದರು. ಅಂಗಡಿ ಮುಚ್ಚಲಿಲ್ಲ.

ನಮ್ಮ ಕಡೆ ತಿಥಿ ಕಾರ್ಡನ್ನು ಮನೆಯೊಳಗೆ ತರುವುದಿಲ್ಲ. ಹೊರಗೇ ನಿಂತು ಓದಿ, ಅಲ್ಲೇ ಹರಿದು ಹಾಕುತ್ತಾರೆ. ಯಾರೋ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಒಂದನ್ನು ಹರಿದು ಚರಂಡಿಗೆ ಎಸೆದ ದಿನ ಕಾರ್ಡಕ್ಕ ತುಂಬಾ ಹೊತ್ತು ಅತ್ತಲೇ ನೋಡಿದರು.

"ನಂದು ಬರ್ಲಿ, ನೋಡ್ತೀನಿ ಯಾರು ಹರೀತಾರೆ ಅಂತ."

ನೀವೇ ಇರದಿದ್ದ ಮೇಲೆ ಹೇಗೆ ನೋಡುತ್ತೀರಿ ಅಕ್ಕಾ ಎಂದು ನಕ್ಕೆ.

"ನೀನು ನೋಡು. ನೋಡಿ ಬಾ" ಎಂದರು. ಅವರು ನಗಲಿಲ್ಲ.

ಕಳೆದ ಸಲ ಕಾಫಿ ಕೊಯ್ಲು ಶುರುವಾದ ಹೊತ್ತಿಗೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ಮೈದುನನ ಮಗ ಬಂದು ಎಲ್ಲವನ್ನೂ ಮರ್ಯಾದೆಯಿಂದಲೇ ಮಾಡಿದ. ತಿಥಿಯ ಶಿವಗಣಾರಾಧನೆಗೆ ಕಪ್ಪು ಅಂಚಿನ ಕಾರ್ಡೊಂದನ್ನು ಫೋನಿನಲ್ಲಿ ಕಳಿಸಿದರೆ ಸಾಕು ಎಂದ. ನೀನು ಫೋನಿನದು ಕಳಿಸು, ಕೈಯಲ್ಲಿ ಕೊಡುವುದು ನಾನು ಮಾಡುತ್ತೇನೆ ಎಂದೆ.

ಅಕಾಲದ ಮಳೆ ಹಿಡಿದಿತ್ತು. ಕಾಗದವನ್ನು ಕಿವಿಯ ಹತ್ತಿರ ಬಗ್ಗಿಸಿದರೆ ಸದ್ದೇ ಇಲ್ಲ. ಒಂದೊಂದು ಹಾಳೆಯನ್ನೂ ನನ್ನ ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿದೆ. ಬಾಗಿಲಿನ ಸ್ಟೆನ್ಸಿಲ್ಲು ತೆಗೆದು, ಅವರ ಕಡ್ಡಿಯನ್ನೇ ನನ್ನ ಕೂದಲಲ್ಲಿ ಆಡಿಸಿಕೊಂಡು ಕೂತೆ. ಅಳು ಬಂತು. ಕಾಗದ ಒದ್ದೆಯಾದರೆ ಅವರೇ ಬಯ್ಯುತ್ತಿದ್ದರು ಎಂದು ಕಣ್ಣೊರೆಸಿಕೊಂಡು ಒತ್ತಿದೆ. ಕಪ್ಪು ಅಂಚು ಹಾಕಲಿಲ್ಲ. ಜನ ಮದುವೆ ಕಾರ್ಡು ಅಂದುಕೊಳ್ಳುತ್ತಾರೆ ಎಂದು ಹುಡುಗ ಗೊಣಗಿದ. ಅಂದುಕೊಳ್ಳಲಿ ಎಂದೆ.

ಮನೆಮನೆಗೂ ನಾನೇ ಹೋದೆ. ಕೊಟ್ಟು ಬರದೆ, ಅವರು ಓದಿ ಮುಗಿಸುವವರೆಗೂ ನಿಂತೆ. ಎದುರಂಗಡಿಯವರು ಓದಿ ಜೇಬಿಗಿಟ್ಟುಕೊಂಡರು. ಒಬ್ಬರು ಸರಿಯಾಗಿ ನೋಡದೆಯೇ ಹರಿದರು. ಆ ಚೂರುಗಳನ್ನು ಅವರೆದುರಿಗೇ ಬಗ್ಗಿ ಆರಿಸಿಕೊಂಡು ಬಂದೆ. ಕಡೆಗೆ ಉಳಿದದ್ದು ಎಸ್ಟೇಟಿನ ಅಮ್ಮಾವ್ರ ಮನೆ. ಅಲ್ಲಿಗೆ ಹೋಗಬೇಡ ಎಂದು ಎಲ್ಲರೂ ಹೇಳಿದ್ದರು. ಅದಕ್ಕೇ ಹೋದೆ.

ಅಂಗಳದಲ್ಲಿ ಆಳುಗಳು ಕಾಫಿ ಹರವುತ್ತಿದ್ದರು. ಅಮ್ಮಾವ್ರು ಮೆಟ್ಟಿಲ ಮೇಲೆ ನಿಂತೇ ಕಾರ್ಡು ಓದಿದರು. ಓದುತ್ತಿದ್ದಂತೆ ಅವರ ಬೆರಳು ಹೂವಿನ ಮೇಲೆ ಹೋಯಿತು.

"ಅದೇ ಅಚ್ಚಾ?"

"ಅದೇ" ಎಂದೆ. ದನಿ ತಗ್ಗಿಸಲಿಲ್ಲ.

ಕಾಫಿ ಹರವುವ ಸದ್ದು ನಿಂತಿತು. ಅಂಥ ಕಾರ್ಡನ್ನು ಏನು ಮಾಡುತ್ತಾರೆ ಎಂದು ಅಂಗಳದಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾನು ಅವರ ಕೈಯನ್ನೇ ನೋಡುತ್ತಾ ನಿಂತೆ. ಅಮ್ಮಾವ್ರು ಹೂವಿನ ಮೇಲೆ ಇನ್ನೊಂದು ಸಲ ಬೆರಳಾಡಿಸಿದರು. ಆಮೇಲೆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಿ, ಹೊಸ್ತಿಲು ದಾಟಿ ಒಳಗೆ ಹೋದರು.

ನೋಡಿ ಬಾ ಅಂದಿದ್ದಿರಲ್ಲ ಅಕ್ಕಾ, ನೋಡಿ ಬಂದೆ.