ನಿಂತ ಪಾದದ ಅಳತೆ

ಬೆಳಗಿನ ನಾಲ್ಕೂವರೆ. ಲಿಂಡ್‌ಹೋಮ್ ಶಿಕಾರಿ ಸಾಮಾನಿನ ಅಂಗಡಿಯ ಹಿಂಬದಿಯಲ್ಲಿ, ಬೂಟುಗಳ ಸಾಲು ಮುಗಿಯುವ ಕಡೆ, ಐಲಾ ಕಂಗಸ್ ಮಂಡಿಯೂರಿ ಕುಳಿತು ಮರದ ಬೆಂಚೊಂದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಬೆಂಚಿನ ಪಕ್ಕದಲ್ಲಿ ಒಂದು ಪೆನ್ಸಿಲು, ಅಳತೆಪಟ್ಟಿ, ಉಣ್ಣೆಯ ಕಾಲುಚೀಲಗಳ ಬುಟ್ಟಿ. ಏಲಕ್ಕಿ ಹಾಕಿದ ಬ್ರೆಡ್ಡಿನ ಎರಡು ತುಂಡು ಕಾಗದದಲ್ಲಿ ಸುತ್ತಿಟ್ಟಿವೆ. ಅದು ಅವರ ತಿಂಡಿಯೂ ಹೌದು, ಊಟವೂ ಹೌದು. ಇವತ್ತು ಎದ್ದು ಹೋಗಿ ತಿನ್ನುವಷ್ಟು ಪುರುಸೊತ್ತು ಸಿಗುವುದಿಲ್ಲ.

ಹೊರಗೆ ಸಾಲು ಪೆಟ್ರೋಲ್ ಬಂಕಿನವರೆಗೂ ಬೆಳೆದಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಐದು ಗಂಟೆಗೆ ಬಾಗಿಲು ತೆರೆಯುತ್ತದೆ. ಮೊದಲು ಬಂದವರಿಗೆ ಉಣ್ಣೆ ಒಳಪದರದ ಬೂಟು ಅರ್ಧ ಬೆಲೆಗೆ. ಜಿಂಕೆ ಬೇಟೆಯ ಹಂಗಾಮು ಮುಗಿಯಲು ಇನ್ನೆರಡೇ ದಿನ. ಕಾಡಿನ ಕ್ಯಾಂಪಿನಿಂದ ನೆಟ್ಟಗೆ ಬಂದ ಗಂಡಸರು ಕಿತ್ತಳೆ ಕೋಟಿನಲ್ಲಿ, ಗಡ್ಡಕ್ಕೆ ಹಿಮ ಅಂಟಿಸಿಕೊಂಡು ನಿಂತಿದ್ದಾರೆ. ಬಾಗಿಲ ಗಾಜಿನ ಮೇಲೆ ದೊಡ್ಡ ಚೀಟಿ ಇದೆ: ಗಂಡು ಜಿಂಕೆಯನ್ನು ಕರೆಯುವ ಹೆಣ್ಣು ಜಿಂಕೆಯ ಮೂತ್ರ, ಒಂದು ಬಾಟಲಿ ಕೊಂಡರೆ ಇನ್ನೊಂದು ಉಚಿತ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವವರು ಕಾಪರ್ ಫೋರ್ಡ್ ಊರಿನಲ್ಲೂ ಕಡಿಮೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಬಾಟಲಿಯೂ ಉಳಿಯುವುದಿಲ್ಲ.

ಐಲಾ ಅವರ ಬೆಂಚಿಗೆ ಬರುವವರು ಹೆಚ್ಚಾಗಿ ಹೆಂಗಸರು. ಅವರ ಕೈಯಲ್ಲಿ ದಿನಸಿ ಚೀಲದ ಕಂದು ಕಾಗದ, ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದ ಪಾದ. ನಮ್ಮ ಕಡೆಯ ಗಂಡಸು ಹಬ್ಬದ ಟರ್ಕಿ ಕೋಳಿಯ ಊಟ ಹೊಡೆದು, ಟಿವಿಯಲ್ಲಿ ಫುಟ್‌ಬಾಲ್ ಹಾಕಿ, ಒರಗು ಕುರ್ಚಿಯಲ್ಲಿ ಕಾಲು ಚಾಚಿದರೆ ಕಿವಿಯ ಹತ್ತಿರ ಬಂದೂಕು ಹಾರಿಸಿದರೂ ಏಳುವುದಿಲ್ಲ. ಹೆಂಡತಿಯೋ ಮಗಳೋ ಮೆಲ್ಲಗೆ ಅಂಗಾಲಿಗೆ ಕಾಗದ ಒತ್ತಿ ಗೆರೆ ಎಳೆದುಕೊಳ್ಳುತ್ತಾರೆ. ಕ್ರಿಸ್‌ಮಸ್‌ಗೆ ಬೂಟು ಉಡುಗೊರೆ, ಅವನಿಗೆ ಗೊತ್ತಾಗಬಾರದು. ನಮ್ಮಲ್ಲಿ ಮೂರು ತಲೆಮಾರಿನಿಂದ ನಡೆದು ಬಂದಿರುವ ಕಳ್ಳತನ ಇದು.

ಕಾಗದ ಕೈಗೆ ಬಂದೊಡನೆ ಐಲಾ ಕೇಳುವುದು ಒಂದೇ ಪ್ರಶ್ನೆ.

"ನಿಂತಿದ್ನಾ, ಮಲ್ಗಿದ್ನಾ?"

ಎಲ್ಲರೂ ನಿಂತಿದ್ದ ಎಂದೇ ಹೇಳುತ್ತಾರೆ. ಅಷ್ಟು ದೂರ ಬಂದು, ಅಷ್ಟು ಹೊತ್ತು ಸಾಲಿನಲ್ಲಿ ನಡುಗಿ, ಮಲಗಿದ್ದ ಎಂದು ಒಪ್ಪಿಕೊಂಡರೆ ಬೂಟು ಕೊಡುವುದಿಲ್ಲವೇನೋ ಎಂಬ ಭಯ. ಈ ಬೆಳಗ್ಗೆ ಬಂದ ಮೊದಲ ಹೆಂಗಸು ಪ್ಯಾಟಿ ಸ್ಕೂಪ್ಸ್ ಕೂಡ ಹಾಗೇ ಹೇಳುತ್ತಾರೆ. ಐಲಾ ಕಾಗದವನ್ನು ಬೆಳಕಿಗೆ ಹಿಡಿದು ನಗುತ್ತಾರೆ.

"ಸುಳ್ಳು ಹೇಳ್ಬೇಡ ಕಣೆ. ನಿಂತ ಕಾಲು ಹಿಟ್ಟಿನ ಮುದ್ದೆ ಒತ್ತಿದ ಹಾಗೆ ಹರಡ್ಕೊಂಡಿರತ್ತೆ. ಇದು ನೋಡು, ನಡುವೆ ಸೊಂಟ ಇದೆ. ನಿನ್ ಗಂಡ ಗೊರಕೆ ಹೊಡೀತಿದ್ದ."

ಪ್ಯಾಟಿ ಕೆಂಪಾಗುತ್ತಾರೆ, ಹಿಂದಿದ್ದವರು ನಗುತ್ತಾರೆ. ಐಲಾ ಕಾಗದದ ಅಳತೆಗೆ ಮುಕ್ಕಾಲು ಸೈಜು ಸೇರಿಸಿ, ಎರಡು ಜೊತೆ ಕಾಲುಚೀಲದ ದಪ್ಪ ಲೆಕ್ಕ ಹಿಡಿದು, ಹನ್ನೊಂದೂವರೆಯ ಬೂಟು ತರುತ್ತಾರೆ. ಕಾಗದದ ಪ್ರಕಾರ ಹತ್ತೂವರೆ ಸಾಕಿತ್ತು. ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ರಕ್ತ ಓಡದಿದ್ದರೆ ಎಷ್ಟು ಉಣ್ಣೆ ತುಂಬಿದರೂ ಕಾಲು ಹೆಪ್ಪುಗಟ್ಟುತ್ತದೆ ಎಂದು ಅವರು ಪ್ರತಿಯೊಬ್ಬರಿಗೂ ಹೇಳುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿಮಾತು ಸೇಲ್ ದಿನ ತಲೆಕೆಳಗಾಗಿರುತ್ತದೆ. ಅರ್ಧ ಬೆಲೆಯ ಬೂಟು ಎಷ್ಟಿದೆಯೋ ಅಷ್ಟಕ್ಕೆ ಕಾಲು ಮಡಚುವ ಜನ. ಹಾಗೆ ಮಡಚಿದವರಲ್ಲಿ ನಾನೂ ಒಬ್ಬ. ಆರು ವರ್ಷದ ಹಿಂದೆ ಒಂಬತ್ತರ ಬೂಟಿಗೆ ಕಾಲು ತುರುಕಿ ಸರಿಯಾಗಿದೆ ಎಂದು ವಾದಿಸಿದಾಗ ಐಲಾ ಅದನ್ನು ನನ್ನ ಕಾಲಿನಿಂದ ಎಳೆದುಕೊಂಡು ಕಪಾಟಿಗಿಟ್ಟು, ಹೋಗಿ ಕಾಫಿ ಕುಡಿಯಿರಿ ಎಂದಿದ್ದರು.

ಅವರಿಗೀಗ ಅರವತ್ತೆಂಟು. ಈ ಬೆಂಚಿನಲ್ಲಿ ಇಪ್ಪತ್ತಾರು ವರ್ಷ. ಸೇಲ್ ದಿನ ನೂರಮೂವತ್ತರಿಂದ ನೂರೈವತ್ತು ಜೊತೆ ಬೂಟು ಅವರ ಕೈ ದಾಟುತ್ತವೆ. ಅಷ್ಟೂ ಸಲ ಮಂಡಿಯೂರಬೇಕು, ಅಷ್ಟೂ ಸಲ ಏಳಬೇಕು. ಮಂಡಿಗೆ ಕಟ್ಟಿಕೊಂಡಿರುವುದು ಮಂಜುಗಡ್ಡೆಯ ಮೇಲೆ ಆಡುವ ಐಸ್-ಹಾಕಿ ಆಟಗಾರರ ಹಳೆಯ ಮಂಡಿಕವಚ. ಅದಕ್ಕೂ ಮೊದಲು ಶಾಲೆಯ ಅಡುಗೆಮನೆಯಲ್ಲಿದ್ದರು. ತಾಯಿ ಹಾಸಿಗೆ ಹಿಡಿದ ಹನ್ನೆರಡು ವರ್ಷ ಅವರನ್ನು ನೋಡಿಕೊಂಡರು, ಅಷ್ಟರಲ್ಲಿ ಮದುವೆಯ ವಯಸ್ಸು ಹೇಳದೆ ಕೇಳದೆ ಹೋಯಿತು. ಮುಚ್ಚಿಹೋದ ಬೇಕರಿಯೊಂದರ ಮೇಲಿನ ಎರಡು ಕೋಣೆ ಅವರ ಮನೆ. ನಿನ್ನೆ ಊರೆಲ್ಲ ಟರ್ಕಿ ಸುಟ್ಟಿತು. ಒಬ್ಬರಿಗಾಗಿ ಟರ್ಕಿ ಸುಡುವುದು ಹೇಗೆ? ಕೋಳಿಯ ಒಂದು ತೊಡೆ ಬೇಯಿಸಿಕೊಂಡು, ರೇಡಿಯೊ ಹಾಕಿಕೊಂಡು ಉಂಡೆ ಎನ್ನುತ್ತಾರೆ. ರೇಡಿಯೊ ಏನು ಹೇಳಿತು ಎಂದು ಕೇಳಿದರೆ ನೆನಪಿಲ್ಲ ಎನ್ನುತ್ತಾರೆ.

ಇದು ಆ ಬೆಂಚಿನ ಕೊನೆಯ ಸೇಲ್. ಎದುರು ಮೂಲೆಯಲ್ಲಿ ಪಾದ ಅಳೆಯುವ ಯಂತ್ರ ಬಂದು ಕೂತಿದೆ. ಗಾಜಿನ ಹಲಗೆಯ ಮೇಲೆ ನಿಂತರೆ ಹಸಿರು ಬೆಳಕು ಹರಿದು ಪರದೆಯ ಮೇಲೆ ಸೈಜು ಮೂಡುತ್ತದೆ. ಅಂಗಡಿಯ ಯಜಮಾನ ಕರ್ಟ್ ಲಿಂಡ್‌ಹೋಮ್ ಕೆಟ್ಟವರಲ್ಲ. ಸೋಮವಾರ ಬೆಂಚು ತೆಗೆಸುತ್ತೇನೆ, ಉಡುಗೊರೆ ಕಟ್ಟುವ ಮೇಜಿಗೆ ಬನ್ನಿ, ಅಲ್ಲಿ ಕುರ್ಚಿ ಇದೆ, ಮಂಡಿಗೂ ಒಳ್ಳೆಯದು ಎಂದು ಮರ್ಯಾದೆಯಿಂದಲೇ ಹೇಳಿದ್ದಾರೆ. ಐಲಾ ಯೋಚಿಸುತ್ತೇನೆ ಎಂದರಂತೆ. ಅವರ ಯೋಚನೆ ಕುರ್ಚಿಯದಲ್ಲ. ಬೆಂಚು ಹೋಗುವುದರೊಳಗೆ ಒಂದು ಜೊತೆ ಕಾಲಿಗೆ ಸರಿಯಾಗಿ ಬೂಟು ತೊಡಿಸಬೇಕು ಎಂಬುದೊಂದೇ ಅವರ ಆಸೆ, ಅದು ಹತ್ತೊಂಬತ್ತು ವರ್ಷದ್ದು. ಆ ಕಾಲು ಅವರ ಅಣ್ಣ ಟೌನೊ ಅವರದು.

ಆ ಕಥೆಯನ್ನು ಐಲಾ ಯಾರಿಗೂ ಹೇಳುವುದಿಲ್ಲ, ಆದರೆ ಊರಿಗೆಲ್ಲ ಗೊತ್ತು. ಈ ಲೇಖನಕ್ಕಾಗಿ ನಾನು ಕೇಳಿದಾಗ ಕಾಲುಚೀಲಗಳನ್ನು ಜೋಡಿಸುತ್ತ, ನನ್ನ ಮುಖ ನೋಡದೆ ಹೇಳಿದರು.

"ಅತ್ತಿಗೆ ಡೋರೀನ್ ಕಾಗದ ತಂದಿದ್ಳು. ಸೇಲ್ ದಿನಾನೇ. ನಿಂತಿದ್ನಾ ಮಲ್ಗಿದ್ನಾ ಅಂತ ಎಲ್ರನ್ನೂ ಕೇಳ್ತಿದ್ದೆ, ಅವಳನ್ನ ಕೇಳ್ಲಿಲ್ಲ. ನಮ್ಮಣ್ಣನ ಕಾಲು ನಂಗೊತ್ತಿಲ್ವಾ ಅಂತ ಜಂಬ. ಹನ್ನೊಂದು ಖಾಲಿಯಾಗಿತ್ತು. ಹತ್ತು ಒಂದೇ ಒಂದು ಉಳ್ದಿತ್ತು, ಅರ್ಧ ಬೆಲೆ. ಕಾಗದ ಇಟ್ಟು ನೋಡ್ದೆ, ಸರಿಯಾಗಿ ಕೂತ್ಕೊಳ್ತು. ಕೊಟ್ಬಿಟ್ಟೆ."

ಹೆಂಡತಿಯ ಉಡುಗೊರೆ ಎಂದು ಟೌನೊ ಅದನ್ನೇ ತೊಟ್ಟು, ಬಿಗಿ ಎಂದು ಬಾಯಿಬಿಡದೆ, ಜನವರಿಯಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಮೀನಿಗೆ ಕುಳಿತರು. ಸಂಜೆ ಎದ್ದಾಗ ಬಲಗಾಲು ಅವರದಾಗಿರಲಿಲ್ಲ. ಹೆಬ್ಬೆರಳು ಮತ್ತು ಪಕ್ಕದ ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು. ನೋಡಲು ಹೋದ ತಂಗಿಗೆ ಅಣ್ಣ ಹೇಳಿದ್ದು ಒಂದೇ ಮಾತು: "ನಿನ್ನ ಕೈಯಿಂದಲೇ ಬಂದಿದ್ದಲ್ವಾ." ಅಲ್ಲಿಂದಾಚೆಗೆ ಅದೂ ಇಲ್ಲ.

ಫಿನ್‌ಲೆಂಡಿನಿಂದ ಬಂದು ನೆಲೆಸಿದ ನಮ್ಮ ಫಿನ್ ಮನೆತನಗಳಲ್ಲಿ ಮೌನ ಕಂಡರೆ ಅದು ಜಗಳವೋ ಸಮಾಧಾನವೋ ಎಂದು ಬೇಗ ಗೊತ್ತಾಗುವುದಿಲ್ಲ. ನನ್ನ ಅಜ್ಜ ಅಜ್ಜಿ ಒಂದಿಡೀ ಚಳಿಗಾಲ ಹತ್ತು ಮಾತಿನಲ್ಲಿ ಸುಖವಾಗಿ ಕಳೆಯುತ್ತಿದ್ದರು. ಹಾಗಾಗಿ ಅಣ್ಣ ತಂಗಿ ಮಾತು ಬಿಟ್ಟಿದ್ದಾರೆಂದು ಊರಿಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಟೌನೊ ಇರುವುದು ಹನ್ನೊಂದು ಮೈಲಿ ದೂರದಲ್ಲಿ. ಚರ್ಚಿನಲ್ಲಿ ಇಬ್ಬರೂ ಆ ಬದಿ ಈ ಬದಿ ಕೂರುತ್ತಾರೆ. ನಾಲ್ಕು ವರ್ಷದ ಹಿಂದೆ ಡೋರೀನ್ ತೀರಿಕೊಂಡಾಗ ಐಲಾ ಸಂತಾಪ ಹೇಳುವವರ ಸಾಲಿನ ಕೊನೆಯಲ್ಲಿ ನಿಂತರು. ಅವರ ಸರದಿ ಬಂದಾಗ ಅಣ್ಣ ಪರಸ್ಥಳದವರಿಗೆ ಮಾಡುವಂತೆ ಕೈ ಕುಲುಕಿದರು. ಇಬ್ಬರೂ ಒಂಟಿ, ಇಬ್ಬರ ಮನೆಯಲ್ಲೂ ಒಂದೇ ತಟ್ಟೆ, ಆದರೂ ಹೀಗೆ. ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಒಂಬತ್ತು ಗಂಟೆಗೆ ಅರ್ಧ ಬೆಲೆಯ ಬೂಟು ಮುಗಿಯುತ್ತವೆ. ಹನ್ನೊಂದಕ್ಕೆ ಬಂದೂಕಿನ ಕಪಾಟುಗಳ ಹತ್ತಿರ ಇಬ್ಬರು ಭಾವಮೈದುನರು ಒಂದೇ ಕಪಾಟಿಗಾಗಿ ಜಟಾಪಟಿ ಮಾಡಿ, ಆಮೇಲೆ ಒಟ್ಟಿಗೆ ಹೊತ್ತು ಒಬ್ಬನ ಪಿಕಪ್ ಗಾಡಿಗೆ ಹಾಕುತ್ತಾರೆ. ಐಲಾ ತಲೆ ಎತ್ತುವುದು ಬಾಗಿಲ ಗಂಟೆ ಸದ್ದಾದಾಗ ಮಾತ್ರ. ಸದ್ದಾದಾಗಲೆಲ್ಲ ಎತ್ತುತ್ತಾರೆ. ಇಪ್ಪತ್ತು ಸಲ ನೋಡಿದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ಮೂರು ಗಂಟೆಯ ಹೊತ್ತಿಗೆ, ಜನ ತೆಳುವಾದ ಮೇಲೆ, ಟೌನೊ ಕಂಗಸ್ ಒಳಗೆ ಬರುತ್ತಾರೆ. ಎಪ್ಪತ್ತೆರಡರ ಎತ್ತರದ ಮನುಷ್ಯ, ನಡಿಗೆಯಲ್ಲಿ ಬಲಕ್ಕೆ ಸಣ್ಣ ಓಲಾಟ. ಅಂಗಡಿಯಲ್ಲಿ ಪರಿಚಯದವರೆಲ್ಲ ಏಕಾಏಕಿ ಮೀನಿನ ಗಾಳಗಳನ್ನು ಪರೀಕ್ಷಿಸತೊಡಗುತ್ತಾರೆ. ಇಷ್ಟು ವರ್ಷ ಬೇರೆ ಊರಿನಲ್ಲಿ ಬೂಟು ಕೊಂಡವರು ಇವತ್ತೇ ಏಕೆ ಬಂದರು? ಬೆಂಚು ಹೋಗುತ್ತದೆಂದು ಅವರಿಗೂ ತಿಳಿದಿರಬೇಕು, ಊರಿನಲ್ಲಿ ಇದೇ ಮಾತು. ಆದರೆ ಅವರು ಬೆಂಚಿನತ್ತ ನೋಡುವುದಿಲ್ಲ. ನೇರವಾಗಿ ಯಂತ್ರದ ಹತ್ತಿರ ಹೋಗಿ ಬೂಟು ಬಿಚ್ಚುತ್ತಾರೆ.

ಯಂತ್ರ ನೋಡಿಕೊಳ್ಳುವವರು ಲೆರಾಯ್ ಟ್ರೆಗಿಯರ್, ನಿವೃತ್ತ ಅಂಚೆಯವರು, ಹಬ್ಬದ ತಿಂಗಳಿಗೆಂದು ಸೇರಿದವರು. ಹಸಿರು ಬೆಳಕು ಹರಿಯುತ್ತದೆ. ಎಡಗಾಲಿಗೆ ಹನ್ನೊಂದು ತೋರಿಸುತ್ತದೆ, ಬಲಗಾಲಿಗೆ ಒಂಬತ್ತು. ಬೆರಳಿಲ್ಲದ ಕಡೆ ಪಾದ ಮುಗಿಯಿತೆಂದೇ ಯಂತ್ರದ ತಿಳುವಳಿಕೆ. ಲೆರಾಯ್ ತಲೆ ಕೆರೆದುಕೊಂಡು, ನಡುವಿನದು ಹತ್ತಲ್ಲವೇ ಎಂದು ಹತ್ತರ ಪೆಟ್ಟಿಗೆ ತರಲು ಕಪಾಟುಗಳ ಕಡೆ ಬರುತ್ತಾರೆ.

ಐಲಾ ಎದ್ದು ನಿಂತಿದ್ದಾರೆ. ಇಪ್ಪತ್ತಡಿ ದೂರ, ಅಷ್ಟೇ. ಅಷ್ಟು ದೂರ ನಡೆದು ಹೋಗುತ್ತಾರೆಂದು ನಾನು ಕಾಯುತ್ತೇನೆ, ಊರೇ ಕಾಯುತ್ತದೆ. ಅವರು ಹೋಗುವುದಿಲ್ಲ. ತಾನು ಹೋದರೆ ಅಣ್ಣ ಬರಿಗಾಲಿನಲ್ಲೇ ಎದ್ದು ಹೋದಾನು ಎಂಬ ಭಯವಿತ್ತು ಎಂದು ಆಮೇಲೆ ಹೇಳಿದರು. ಅವರು ಲೆರಾಯ್ ಅವರ ತೋಳು ಹಿಡಿದು ನಿಲ್ಲಿಸುತ್ತಾರೆ.

"ಹತ್ತು ಬೇಡ. ಎರಡು ಕಾಲಿಗೂ ಹನ್ನೊಂದು ಕೊಡು. ಬಲಗಾಲಿನ ತುದೀಲಿ ಇದನ್ನ ಇಡು." ಹಾಗೆನ್ನುತ್ತ ಬೂಟಿನ ಒಳಪದರದ ಉಣ್ಣೆಯ ತುಂಡೊಂದನ್ನು ಮಡಿಸಿ, ಕತ್ತರಿಯಿಂದ ಎರಡು ಬೆರಳಿನಷ್ಟು ಅಗಲಕ್ಕೆ ಕತ್ತರಿಸುತ್ತಾರೆ. ಮೊದಲ ತುಂಡು ಸೊಟ್ಟಗಾಗುತ್ತದೆ. ಇನ್ನೊಂದು ಕತ್ತರಿಸುತ್ತಾರೆ. "ಒತ್ತಿ ತುಂಬ್ಬೇಡ, ಸುಮ್ನೆ ಇಡು. ಮತ್ತೆ ನಾನ್ ಹೇಳ್ದೆ ಅಂತ ಹೇಳ್ಬೇಡ."

ಲೆರಾಯ್ ನಲವತ್ತು ವರ್ಷ ಅಂಚೆ ಹಂಚಿದವರು, ಕಳುಹಿಸಿದವರ ಹೆಸರಿಲ್ಲದೆ ಏನನ್ನೂ ತಲುಪಿಸಿ ಗೊತ್ತಿಲ್ಲದವರು. ಟೌನೊ ಆ ಉಣ್ಣೆಯ ತುಂಡನ್ನು ಬೆಳಕಿಗೆ ಹಿಡಿದು ಇದು ಯಾರ ಬುದ್ಧಿ ಎಂದು ಕೇಳಿದಾಗ, ಲೆರಾಯ್ ನೇರವಾಗಿ ಐಲಾ ಎಂದುಬಿಡುತ್ತಾರೆ.

ಟೌನೊ ಉಣ್ಣೆಯ ತುಂಡನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಬೆಂಚಿನ ಹತ್ತಿರ ಐಲಾ ಆಗಲೇ ಜೋಡಿಸಿದ ಕಾಲುಚೀಲಗಳನ್ನು ಬಿಡಿಸಿ ಮತ್ತೆ ಜೋಡಿಸುತ್ತಿದ್ದಾರೆ. ಕೊನೆಗೆ ಅಣ್ಣ ಬಗ್ಗಿ, ಉಣ್ಣೆಯನ್ನು ತಾವೇ ಬಲಗಾಲಿನ ಬೂಟಿನೊಳಗೆ ಇಟ್ಟು, ಕಾಲು ಹಾಕಿ, ದಾರ ಕಟ್ಟುತ್ತಾರೆ. ಎದ್ದು ನಿಲ್ಲುತ್ತಾರೆ. ಕಪಾಟುಗಳ ಸಾಲಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ವಾಪಸು ಬರುತ್ತಾರೆ. ಹಳೆಯ ಬೂಟನ್ನು ಪೆಟ್ಟಿಗೆಗೆ ಹಾಕಿಕೊಂಡು, ಹೊಸದನ್ನು ತೊಟ್ಟುಕೊಂಡೇ ದುಡ್ಡು ಕೊಟ್ಟು ಹೊರಡುತ್ತಾರೆ. ಬೆಂಚಿನ ಕಡೆ ತಿರುಗುವುದಿಲ್ಲ, ಒಂದು ಮಾತೂ ಇಲ್ಲ. ಬಾಗಿಲ ಗಂಟೆ ಸದ್ದಾಗುತ್ತದೆ, ಅವರು ಹೋಗಿಬಿಟ್ಟಿದ್ದಾರೆ.

ನನಗೆ ತಡೆಯಲಾಗುವುದಿಲ್ಲ. ಹತ್ತೊಂಬತ್ತು ವರ್ಷ ಕಾದು ಇಷ್ಟೇನಾ ಎಂದು ಕೇಳಿಬಿಡುತ್ತೇನೆ. ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ. ಐಲಾ ಬೇಸರಪಟ್ಟುಕೊಳ್ಳುವುದಿಲ್ಲ. ಬೆಂಚಿನ ಮೇಲೆ ಕೂರುತ್ತಾರೆ. ಬೆಳಗ್ಗಿನಿಂದ ಅವರು ಅಲ್ಲಿ ಕೂತದ್ದು ಇದೇ ಮೊದಲು. ಉಳಿದ ಬ್ರೆಡ್ಡಿನಲ್ಲಿ ಅರ್ಧ ಮುರಿದು ನನಗೆ ಕೊಡುತ್ತಾರೆ. ಕಿಟಕಿಯಾಚೆ ಅಣ್ಣನ ಪಿಕಪ್ ಗಾಡಿ ಹಿಮದಲ್ಲಿ ಹಿಂದಕ್ಕೆ ಸರಿದು ರಸ್ತೆಗೆ ತಿರುಗುವುದನ್ನು ಕೊನೆಯವರೆಗೂ ನೋಡುತ್ತಾರೆ.

"ಮಾತಾಡ್ಲಿ ಅಂತ ನಾನ್ ಕೇಳಿಲ್ಲ. ಅದು ಅವನಿಷ್ಟ. ಉಳಿದಿರೋ ಎಂಟು ಬೆರಳು ಈ ಚಳಿಗಾಲ ಬೆಚ್ಚಗಿರ್ಲಿ, ನಂಗಷ್ಟು ಸಾಕು."