ಅವ್ವ ಓದಬೇಡ ಅಂದ ಪುಟ

ಚಿತ್ರದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮೆಡಿಕಲ್ ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಡಾಕ್ಟರುಗಳ ಕೈಬರಹ ಓದುತ್ತಿದ್ದೇನೆ. ಎಂಥೆಂಥ ಚೀಟಿ ನೋಡಿಲ್ಲ ನಾನು! ಆ ಜಂಬದಲ್ಲೇ ಹೋದ ವರ್ಷ ಸಿಕ್ಕಿಹಾಕಿಕೊಂಡೆ. ಮಾಡದಕೆರೆಯ ನನ್ನ ಸೋದರಮಾವ ಅಟ್ಟದ ಮೇಲೆ ಸಿಕ್ಕಿತೆಂದು ಅಜ್ಜನ ಡೈರಿ ತಂದು ನನ್ನ ಮುಂದೆ ಇಟ್ಟ. "ಡಾಕ್ಟ್ರು ಗೀಚಿದ್ದೇ ಓದ್ತೀಯಂತೆ, ಇದೇನು ಮಹಾ, ತಗ," ಅಂದ.

ಅಜ್ಜ ಅಂದರೆ ನನ್ನ ಅವ್ವನ ಅಪ್ಪ. ಕುರಿ ಕಾಯುತ್ತಿದ್ದವನು, ಮೀಸೆ ಬಂದ ಮೇಲೆ ಮಠದ ಜಗಲಿಯಲ್ಲಿ ಕೂತು ಅಕ್ಷರ ಕಲಿತವನು. ಕಲಿತದ್ದು ಮರೆತುಹೋದೀತು ಅಂತ ದಿನಾ ನಾಲ್ಕು ಸಾಲು ಬರೆಯುತ್ತಿದ್ದನಂತೆ, ಕುರಿ ಹೋದ ಕಡೆ ಹೋಗಿ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು. ತೆಗೆದು ನೋಡಿದೆ. ಶಿವನೇ! ಕಾಗೆಕಾಲು ಗುಬ್ಬಿಕಾಲು ಅಂತಾರಲ್ಲ, ಇಲ್ಲಿ ಕಾಗೆ ಗುಬ್ಬಿ ಎರಡೂ ಬಡಿದಾಡಿಕೊಂಡಿದ್ದವು. ಪದಕ್ಕೂ ಪದಕ್ಕೂ ನಡುವೆ ಜಾಗವೇ ಇಲ್ಲ. ಒತ್ತಕ್ಷರವೆಲ್ಲ ಕೆಳಗಿನ ಸಾಲಿಗೆ ಹೋಗಿ ಸೇರಿಕೊಂಡಿದ್ದವು.

ಅವ್ವ ನನ್ನ ಜೊತೆಗೇ ಇರುತ್ತಾಳೆ. ಭಾನುವಾರ ಮಧ್ಯಾಹ್ನ ಅವಳು ಅವರೆಕಾಯಿ ಸುಲಿಯುತ್ತಾ ಕೂರುವುದು, ನಾನು ಓದುವುದು. ಕಣ್ಣಲ್ಲಿ ಓದಿದರೆ ಏನೂ ತಿಳಿಯುತ್ತಿರಲಿಲ್ಲ. ಬಾಯಿಬಿಟ್ಟು, ಅಜ್ಜನ ಥರ ಎಳೆದು ಎಳೆದು ಓದಿದರೆ ಒಂದೊಂದೇ ಮಾತು ಸಿಗುತ್ತಿತ್ತು. ಶ್ರೀರಾಂಪುರದ ಕಡೆ ಮಳೆ. ಟಗರಿಗೆ ಕಾಲುಬೇನೆ. ಕಂಬಳಿ ಇಲಿ ಕಡಿಯಿತು. ಅವ್ವ ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಒಂದು ಚಳಿಗಾಲದ ಪುಟಗಳು ಬಂದವೋ ಇಲ್ಲವೋ, ಅವಳ ಮುಖ ಬಾಡಿತು. "ಸಾಕು ಬಿಡೇ, ಅದ್ರಾಗೇನೈತೆ, ಮುಂದಕ್ಕೆ ಹೋಗು." ಮುಂದಿನ ಭಾನುವಾರವೂ ಅದೇ ರಾಗ. ಅದಕ್ಕೆ ಸರಿಯಾಗಿ ಅಲ್ಲಿದ್ದ ಒಂದು ಪುಟ ನನಗೂ ಬಗ್ಗಲಿಲ್ಲ. ಒಂದು ಗೆರೆಯೂ ಬಿಡಿಸಲಾಗಲಿಲ್ಲ.

ಅಂಗಡಿಯಲ್ಲಿ ಚೀಟಿ ತಿಳಿಯದಿದ್ದರೆ ನಾವು ಬಂದವರನ್ನೇ ಕೇಳುತ್ತೇವೆ: ಏನು ಕಾಯಿಲೆ? ಕಾಯಿಲೆ ಗೊತ್ತಾದರೆ ಔಷಧಿ ಹೆಸರು ತಾನಾಗಿ ಕಾಣುತ್ತದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಅವ್ವ, ನಿನ್ನ ಕಾಯಿಲೆ ಏನು ಅಂತ ಮೊದ್ಲು ಹೇಳು," ಅಂತ ರೇಗಿದೆ.

ಅವಳು ಮೊರ ಪಕ್ಕಕ್ಕೆ ಸರಿಸಿದಳು.

"ಅವತ್ತು ಕುರಿ ಸಾಯ್ಸಿದೋಳು ನಾನೇ ಕಣೆ," ಅಂದಳು.

ಅವಳಿಗೆ ಆಗ ಒಂಬತ್ತು ವರ್ಷವಂತೆ. ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಾಗಿಲಿಗೆ ಮುಳ್ಳಿನ ತಡಿಕೆ ಕಟ್ಟುವುದು ಅವಳ ಕೆಲಸ. ಒಂದು ಬೆಳಿಗ್ಗೆ ನೋಡಿದರೆ ತಡಿಕೆ ಬಿದ್ದಿತ್ತು, ತೋಳ ನುಗ್ಗಿ ಅರ್ಧ ಹಿಂಡು ಕೊಂದಿತ್ತು. ಅಜ್ಜ ಬೈಯಲಿಲ್ಲ, ಹೊಡೆಯಲಿಲ್ಲ, ಒಂದು ಮಾತೂ ಕೇಳಲಿಲ್ಲ. "ಬೈದಿದ್ರೆ ಅಲ್ಲಿಗೇ ಮುಗೀತಿತ್ತು. ಕಟ್ಟಿದ್ದೆ ಅಂತ್ಲೇ ನನ್ ನೆಪ್ಪು. ಆದ್ರೆ ಬಿಚ್ಚಿತ್ತಲ್ಲ? ಅಪ್ಪ ಸಾಯೋವರ್ಗೂ ಆ ಮಾತೇ ಎತ್ತಲಿಲ್ಲ. ಅಷ್ಟು ಸಿಟ್ಟಿತ್ತು ಅವ್ನಿಗೆ ನನ್ಮ್ಯಾಲೆ."

ಅರವತ್ತು ವರ್ಷಕ್ಕೂ ಮೇಲೆ ಇದನ್ನ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ನನಗೂ ಹೇಳಿರಲಿಲ್ಲ. ನಾನು ಮತ್ತೆ ಆ ಪುಟ ಹಿಡಿದೆ. ತೋಳ ಅನ್ನೋದು ಕಂಡಿತು. ತಡಿಕೆ ಕಂಡಿತು. ಆಮೇಲೆ ಸಾಲು ಸಾಲೇ ಬಾಯಿಗೆ ಬಂತು: "ಮಗ್ಳು ತಡಿಕೆ ಕಟ್ಟಿದ್ಲು. ನಾ ನೋಡಿದ್ದೆ. ಆಮ್ಯಾಲೆ ಹೊರಗುಳಿದ ಮರಿ ಒಳಗೆ ಬಿಡಾಕೆ ನಾನೇ ಬಿಚ್ಚಿದೆ. ತಿರ್ಗ ಕಟ್ಟಲಿಲ್ಲ. ಕೂಸು ಎಲ್ಡು ದಿನದಿಂದ ಉಂಡಿಲ್ಲ."

"ಸುಳ್ಳು," ಅಂದಳು ಅವ್ವ. "ನನ್ ಸಮಾಧಾನಕ್ಕೆ ನೀನೇ ಕಟ್ಟಿ ಹೇಳ್ತಿದ್ದೀಯ. ಕಾಯಿಲೆ ಕೇಳ್ಕಂಡ ಮ್ಯಾಲಲ್ವೇನೇ ನೀನು ಓದಿದ್ದು?"

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಅಂದಾಜಿನ ಮೇಲೆ ಮಾತ್ರೆ ಕೊಟ್ಟು ಕೆಟ್ಟವರನ್ನ ನಾನು ಕಂಡಿದ್ದೇನೆ. ಇದೂ ಹಾಗೇ ನನಗೆ ಬೇಕಾದದ್ದನ್ನೇ ನಾನು ಓದಿಕೊಂಡೆನೋ ಏನೋ. ಭೂತಗನ್ನಡಿ ತಂದು ಅವಳ ಕೈಗೆ ಕೊಟ್ಟೆ. ಅವ್ವ ಮೂರನೇ ಕ್ಲಾಸಿನವರೆಗೆ ಹೋಗಿದ್ದಾಳೆ, ಬಸ್ಸಿನ ಬೋರ್ಡು ಓದುತ್ತಾಳೆ. "ನೀನೇ ಓದು. ನಾನು ಬಾಯಿ ಬಿಡಲ್ಲ," ಅಂದೆ.

ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ಗೊಣಗುತ್ತಾ, ತಪ್ಪಿದಾಗ ಹಿಂದಕ್ಕೆ ಬಂದು ಓದಿದಳು. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. "ನಾ... ನೇ... ಬಿ..." ಅಲ್ಲಿ ನಿಂತಳು. ಮತ್ತೆ ಓದಿದಳು. "ನಾನೇ ಬಿಚ್ಚಿದೆ." ಅಬ್ಬಾ, ನಾನು ಕಟ್ಟಿ ಹೇಳಿದ್ದಲ್ಲ!

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಪುಟದ ಕೊನೆಯಲ್ಲಿ ಒಂದು ಗೀಚು ಇತ್ತು, ನಾನು ಕೈಬಿಟ್ಟದ್ದು. ಅವ್ವ ಅದನ್ನೂ ಬಿಡಿಸಿದಳು: "ನಾಳೆ ಕೂಸಿಗೆ ಹೇಳ್ಬೇಕು."

ಪುಟ ತಿರುಗಿಸಿದೆ. ಮಾರನೇ ದಿನದ ಕೊನೆಯಲ್ಲೂ ಅದೇ ಗೀಚು. ಅದರ ಮಾರನೇ ದಿನವೂ. ಹೀಗೇ ಡೈರಿ ಮುಗಿಯುವವರೆಗೂ, ಮಳೆ ಬಂದ ದಿನ, ಸಂತೆಯ ದಿನ, ಒಂದೂ ಬಿಟ್ಟಿರಲಿಲ್ಲ. ನನಗೆ ಅಜ್ಜನ ಮೇಲೆ ಕೆಟ್ಟ ಸಿಟ್ಟು ಬಂತು. ಒಂದು ಮಾತು ಆಡಿದ್ದರೆ ಗಂಟೇನು ಹೋಗುತ್ತಿತ್ತು ಈ ಮನುಷ್ಯನದು? ಬಾಯಿಬಿಟ್ಟು ಬೈದೂಬಿಟ್ಟೆ.

"ಏಯ್, ನಮ್ಮಪ್ಪನ್ನ ಏನೂ ಅನ್ನಬ್ಯಾಡ," ಅಂದಳು ಅವ್ವ. ಅವಳ ಕಣ್ಣಲ್ಲಿ ನೀರು ಧಾರಾಕಾರ, ಮುಖದಲ್ಲಿ ನಗು. ಆ ಪುಟದ ಮೇಲೆ ಅಂಗೈ ಆಡಿಸುತ್ತಾ ಅಂದಳು: "ಆತು ಬಿಡಪ್ಪ. ಹೇಳ್ದ್ಯಲ್ಲ."