ಫರಸಿಯ ಮೇಲೆ ಬರಿಗಾಲು

ಔಷಧಿ ಅಂಗಡಿಯ ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಹೊಸ ಚಪ್ಪಲಿ ಹೊರಗೆ ಉಳಿಯಿತು. ಎಪ್ಪತ್ತರ ದಶಕದ ಮಾತು, ಮದುವೆಯಾಗಿ ವಿಜಾಪುರ ಬಿಟ್ಟು ಪುಣೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ, ಮನೆ ನಿಗಡಿಯಲ್ಲಿ. ಅಲ್ಲಿಂದ ಬಸ್ಸಿನಲ್ಲಿ ನಿಂತೇ ಬಂದು ಅಂಗಡಿಯ ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಮಾಲಕರು ಗಾದಿಯ ಮೇಲಿಂದ ಕೂಗಿದರು.

"ಚಪ್ಪಲಿ ಹೊರಗ ಬಿಟ್ಟು ಬರ್ರಿ ತಂಗಿ. ಔಷಧ ಅಂದ್ರ ದೇವ್ರು."

ಮಾಲಕರೂ ನಮ್ಮ ಕಡೆಯವರೇ. ಅವರ ತಂದೆ ಅಥಣಿಯಿಂದ ಬಂದು ಪುಣೆಯ ಹಳೆಯ ಪೇಠೆಯಲ್ಲಿ ಹಾಕಿದ ಅಂಗಡಿ ಅದು. ತಂದೆಯ ಕಾಲದಿಂದಲೂ ಅಲ್ಲಿ ಯಾರೂ ಕಾಲಿಗೆ ಏನೂ ಹಾಕುವಂತಿರಲಿಲ್ಲ. ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು. ಚಳಿಗಾಲದಲ್ಲಿ ಆ ಕಲ್ಲಿನ ಮೇಲೆ ನಿಂತರೆ ಥಂಡಿ ಮೊಣಕಾಲಿನವರೆಗೆ ಏರುತ್ತಿತ್ತು, ಬೇಸಿಗೆಯಲ್ಲಿ ಹಿಮ್ಮಡಿ ಒಡೆಯುತ್ತಿತ್ತು. ಕೂರಲು ಒಂದು ಸ್ಟೂಲೂ ಇರಲಿಲ್ಲ. ನನ್ನ ಫಾರ್ಮಸಿಸ್ಟ್ ಸರ್ಟಿಫಿಕೇಟಿಗೆ ಮಾತ್ರ ಚಂದದ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದರು. ಅದಕ್ಕಾದರೂ ಒಂದು ಮೊಳೆಯ ಆಸರೆ ಇತ್ತಲ್ಲ ಎಂದು ನಾನು ಎಷ್ಟೋ ಸಲ ಉರಿದುಕೊಂಡಿದ್ದೇನೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ತಿಂಗಳು ತುಂಬುವುದರೊಳಗೆ ಕೇಳಿಯೇಬಿಟ್ಟೆ.

"ಮಾಲಕರ, ದಿನಾ ಬರಿಗಾಲಲ್ಲಿ ನಿಂತು ನಿಂತು ಕಾಲು ಕಲ್ಲಾಗ್ಯಾವ್ರಿ."

"ನಾನೂ ಬರಿಗಾಲಲ್ಲೇ ಅದೀನಲ್ಲ ತಂಗಿ?"

"ಹೌದ್ರಿ. ಆದ್ರ ನೀವು ಗಾದಿ ಮ್ಯಾಲ ಅದೀರಿ."

ಅವರು ಹೊಟ್ಟೆ ಕುಣಿಸಿ ನಕ್ಕರು. ಕೆಟ್ಟ ಮನುಷ್ಯನಲ್ಲ. ಕೆಟ್ಟವರಾಗಿದ್ದರೆ ಜಗಳ ಆಡಿ ಬಿಟ್ಟು ಹೋಗಬಹುದಿತ್ತು. ನಕ್ಕು ಚಹಾ ತರಿಸಿ ಕೊಡುವವರ ಜೊತೆ ಏನು ಜಗಳ ಆಡುತ್ತೀರಿ! ವಾರದ ರಜೆಯೂ ಹೆಸರಿಗೆ ಇತ್ತು. ಅದು ಹತ್ತಿರ ಬಂದಾಗಲೆಲ್ಲ "ಇದೊಂದು ಸಲ ಬಂದು ಹೋಗ್ರಿ" ಎನ್ನುವರು. ಆ ಒಂದು ಸಲ ಎಂದೂ ಮುಗಿಯುತ್ತಿರಲಿಲ್ಲ.

ನನ್ನ ಜೊತೆ ಕೌಂಟರಿನಲ್ಲಿ ಇನ್ನೊಬ್ಬರಿದ್ದರು, ಸೋಲಾಪುರದ ಕಡೆಯ ಹಿರಿಯರು. ಹಳೆಯ ಕಾಲದ ಕಂಪೌಂಡರ್, ಧೋತರ, ಬಿಳಿ ಟೋಪಿ. ನಾನು ಕಾಕಾ ಅನ್ನುತ್ತಿದ್ದೆ. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ನನಗೊಬ್ಬಳಿಗೇ ಗೊತ್ತು. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತು ಮೀರಿದರೆ ಅವರ ಕೈ ನಡುಗುತ್ತಿತ್ತು. ಗಿರಾಕಿ ಇದ್ದರೆ ಡಬ್ಬಿ ಬಿಚ್ಚುವಂತಿರಲಿಲ್ಲ, ನಮ್ಮ ಪೇಠೆಯಲ್ಲೋ ಗಿರಾಕಿ ಇಲ್ಲದ ಹೊತ್ತೇ ಇರಲಿಲ್ಲ.

ಒಂದು ಬೇಸಿಗೆಯ ಕೊನೆಗೆ, ಮಳೆ ಶುರುವಾಗುವ ಸಮಯ. ಕೌಂಟರಿನ ಒಳಗೆ ಫರಸಿಯ ಮೇಲೆ ಕೆಂಪು ಕಲೆ ಕಂಡಿತು. ಯಾವುದೋ ಸಿರಪ್ಪು ಚೆಲ್ಲಿದೆ ಎಂದು ಒರೆಸಿದೆ. ತುಸು ಹೊತ್ತಿನಲ್ಲಿ ಮತ್ತೆ ಕಲೆ. ಅದು ಕಾಕಾ ಹೋದಲ್ಲೆಲ್ಲ ಹೋಗುತ್ತಿತ್ತು.

"ಕಾಕಾ, ಕಾಲು ಎತ್ರಿ."

ಎತ್ತಿದರು. ಹಿಂದಿನ ದಿನ ಒಡೆದ ಬಾಟಲಿಯ ಗಾಜಿನ ಚೂರು ಹಿಮ್ಮಡಿಯೊಳಗೆ ಇಳಿದು ಕೂತಿತ್ತು. ಅಯ್ಯ ಶಿವನೆ! ಅವರು ಮಾತ್ರ ಬೇರೆ ಯಾರದೋ ಕಾಲು ನೋಡುವಂತೆ ನೋಡಿದರು. ಸಕ್ಕರೆ ಹಳೆಯದಾಗಿ ಪಾದದ ಅರಿವೇ ಸತ್ತುಹೋಗಿತ್ತು.

"ಚುಚ್ಚಿದ್ದು ಗೊತ್ತ ಆಗಿಲ್ಲ ನೋಡು ತಂಗಿ," ಅಂದರು. ಮತ್ತೆ ದನಿ ಇಳಿಸಿ, "ಮಾಲಕರಿಗೆ ಹೇಳಬ್ಯಾಡ. ನನ್ನ ಆಣಿ ಅದ ನಿನಗ."

ಕಾರಣವಿತ್ತು. ನನಗಿಂತ ಮೊದಲು ಅಲ್ಲಿ ಇದ್ದವನೊಬ್ಬ ಸೊಂಟ ನೋವೆಂದು ಕೂರಲು ಜಾಗ ಕೇಳಿದ್ದನಂತೆ. ಮಾಲಕರು ಬಹಳ ಪ್ರೀತಿಯಿಂದ "ಮನ್ಯಾಗ ಆರಾಮ ಮಾಡು" ಎಂದು ಕಳಿಸಿ, ಮರುವಾರ ಅವನ ಜಾಗಕ್ಕೆ ಬೇರೆಯವನನ್ನು ತಂದರಂತೆ.

ನಾನು ದಿನಾ ಹಿಂದಿನ ಕೋಣೆಯಲ್ಲಿ ಆ ಗಾಯ ತೊಳೆದು ಪಟ್ಟಿ ಕಟ್ಟಿದೆ. ಕೌಂಟರಿನ ಮರೆಯಲ್ಲಿ, ಧೋತರದ ಅಂಚಿನ ಕೆಳಗೆ, ಪಟ್ಟಿ ಮಾಲಕರ ಕಣ್ಣಿಗೆ ಬೀಳಲಿಲ್ಲ. ಗಾಯ ಮಾತ್ರ ಮಾಯಲಿಲ್ಲ. ಅಂಚು ಕಪ್ಪಗಾಗುತ್ತ ಬಂತು, ವಾಸನೆ ಶುರುವಾಯಿತು. ಸಕ್ಕರೆಯವರ ಕಾಲಿನ ಗಾಯ ಎಲ್ಲಿಗೆ ಮುಟ್ಟುತ್ತದೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಹೀಗೇ ಬಿಟ್ಟರೆ ಕಾಲೇ ಹೋಗುತ್ತದೆ. "ದವಾಖಾನಿಗೆ ನಡೀರಿ" ಎಂದು ಕೈ ಮುಗಿದೆ, ಬೈದೆ, ಮುನಿಸಿಕೊಂಡು ಮಾತು ಬಿಟ್ಟೆ. "ಅಡ್ಮಿಟ್ ಮಾಡ್ಕೋತಾರ ತಂಗಿ. ಆಮ್ಯಾಲ ಈ ನೌಕರಿ?" ಎನ್ನುವರು. ನಾನು ಸಂಜೆ ಮನೆಗೆ ಹೋಗಿ ಗಂಡನ ಮುಂದೆ ಅಳುತ್ತಿದ್ದೆ. "ಆಣಿ ಮುರಿ" ಎಂದರು ಅವರು. ಹಿರಿಯರು ತಮ್ಮ ಮೇಲೆ ಇಟ್ಟ ಆಣೆ, ಹೇಗೆ ಮುರಿಯಲಿ?

ಅಷ್ಟರಲ್ಲಿ ಪಾಲಖಿ ಬಂತು, ಸಂತರ ಪಾದುಕೆಯ ಪಲ್ಲಕ್ಕಿ. ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳು ಆಷಾಢದ ಮುಂಚೆ ಪುಣೆಯಲ್ಲಿ ತಂಗುತ್ತಾರೆ. ನಮ್ಮ ಪೇಠೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮನೆಮನೆಯಲ್ಲಿ ಅವರಿಗೆ ಊಟ, ಹಾಸಿಗೆ, ಕಾಲಿಗೆ ಎಣ್ಣೆ. ನಮ್ಮ ಮಾಲಕರು ಅಂಗಡಿಯ ಮುಂದೆ ಉದ್ದನೆಯ ಬೆಂಚು ಹಾಕಿಸಿ ವಾರಕರಿಗಳನ್ನು ಕೂರಿಸಿದರು. ತಾವು ಅವರೆದುರು ನೆಲದಲ್ಲಿ ಮಣೆಯ ಮೇಲೆ ಕೂತು ಒಬ್ಬೊಬ್ಬರ ಕಾಲು ತೊಳೆದು, ಬಿರುಕಿಗೆ ಮುಲಾಮು ಹಚ್ಚತೊಡಗಿದರು. ಮುಖ ನೋಡುವಂತಿಲ್ಲ, ಅದು ಅವರ ನೇಮ. ಯಾರ ಪಾದವಾದರೂ ವಿಠ್ಠಲನದೇ. ಎಲ್ಲರಿಗೂ ಒಂದೇ ಹೆಸರು, "ಮಾವುಲಿ". ತಾಯಿ ಎಂದರ್ಥ.

ಕೌಂಟರಿನಿಂದ ನೋಡುತ್ತ ನಿಂತ ನನಗೆ ಮೈಯೆಲ್ಲ ಉರಿಯಿತು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ! ದಾರಿಯಲ್ಲಿ ಹೋಗುವವರ ಪಾದ ದೇವರ ಪಾದ, ಬೆನ್ನ ಹಿಂದೆ ನಿಂತವರದು? ಆ ಸಿಟ್ಟಿನಲ್ಲೇ ತಲೆಗೆ ಒಂದು ಯೋಚನೆ ಹೊಳೆಯಿತು. ಹತ್ತಿಯ ಸುರುಳಿ ಕಾಕಾನ ಕೈಗೆ ಕೊಟ್ಟು, "ಹೊರಗ ಬೆಂಚಿನ ತುದಿಗೆ ಕೂತು ಹತ್ತಿ ಹರಿದು ಕೊಡ್ರಿ, ಗದ್ದಲ ಭಾಳ ಅದ" ಅಂದೆ. ಪಾಪ, ಹೋಗಿ ಕೂತರು. ನಾನು ಹಿಂದೆಯೇ ಹೋಗಿ, ಪಟ್ಟಿ ಹಾಳಾಗಿದೆ, ಬದಲಿಸುತ್ತೇನೆ ಎಂದು ಬಿಚ್ಚಿ, ಅವರ ಬೆನ್ನ ಹಿಂದೆ ನಿಂತೆ.

ಮಾಲಕರು ತಲೆ ತಗ್ಗಿಸಿಕೊಂಡೇ ಮಣೆ ಸರಿಸುತ್ತ ಹತ್ತಿರ ಬಂದರು. ಕಾಕಾಗೆ ಆಗ ಹೊಳೆಯಿತು. ಏಳಹೋದರು. ನಾನು ಹೆಗಲು ಒತ್ತಿ ಹಿಡಿದೆ.

"ಆಣಿ ಇಟ್ಟೇನಲ್ಲ ತಂಗಿ!"

"ಹೇಳಬ್ಯಾಡ ಅಂದೀರಿ, ಕಾಕಾ. ನಾ ಏನರೆ ಹೇಳಿದ್ನೇನು?"

ಮಾಲಕರ ಕೈ ಆ ಕಾಲಿಗೆ ಬಂತು. ಧೋತರದ ಅಂಚು, ಕೆಳಗೆ ಸವೆದ ಬರಿಗಾಲು. ಸಾಲಿನ ಉಳಿದ ಕಾಲುಗಳಿಗಿಂತ ಏನೂ ಬೇರೆ ಇರಲಿಲ್ಲ. ನೀರು ಹಾಕಿ ಹಿಮ್ಮಡಿ ತಿರುಗಿಸಿ ಹತ್ತಿರದಿಂದ ನೋಡಿದರು. ಔಷಧಿ ವ್ಯಾಪಾರದಲ್ಲಿ ಕೂದಲು ಬೆಳ್ಳಗಾದವರು, ಆ ಕಪ್ಪು ಅಂಚಿನ ಅರ್ಥ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ತಲೆ ಎತ್ತದೆ ಮರಾಠಿಯಲ್ಲಿ ಅಂದರು: "ಮಾವುಲಿ, ಈ ಕಾಲಿನಲ್ಲಿ ಎಷ್ಟು ದೂರ ನಡೆದಿರಿ? ನಾಳೆ ಸಾಸವಡದ ಘಾಟು ಹತ್ತಬೇಡಿ, ಕಾಲು ಹೋಗುತ್ತದೆ."

ಕಾಕಾ ಕನ್ನಡದಲ್ಲೇ ಹೇಳಿದರು. "ನಡದಿಲ್ರಿ, ಮಾಲಕರ. ನಿಂತೀನಿ."

ದನಿ ಕೇಳಿ ಮಾಲಕರು ತಮ್ಮ ನೇಮ ಮುರಿದು ಮುಖ ನೋಡಿದರು. "ಯಾಕ ಹೇಳಲಿಲ್ಲ?" ಎಂದರು.

"ನಿಂತು ದುಡಿಯೋ ಮನುಷ್ಯಾ. ಕಾಲಿಲ್ಲ ಅಂದ್ರ ಇಟ್ಕೋತಿದ್ರೇನ್ರಿ?"

ಮಾಲಕರು ನನ್ನತ್ತ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಅವರು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಸ್ವಂತ ಟಾವೆಲಿನಿಂದ ಒರೆಸಿ, ಪಟ್ಟಿ ತಾವೇ ಕಟ್ಟಿದರು. ಆಮೇಲೆ ಇನ್ನೊಂದು ಕಾಲನ್ನೂ ತೊಳೆದರು. ರಿಕ್ಷಾ ತರಿಸಿ ಕಾಕಾನ ಜೊತೆ ತಾವೇ ದವಾಖಾನೆಗೆ ಹೋದರು.

ಕಾಕಾ ಗಣಪತಿ ಹಬ್ಬ ಕಳೆಯುವವರೆಗೂ ಬರಲಿಲ್ಲ. ಡಾಕ್ಟರು ಗಾಯ ಕೊರೆದು ಸ್ವಚ್ಛ ಮಾಡಿದರು, ಕಾಲು ಉಳಿಯಿತು. ನೌಕರಿಯೂ ಉಳಿಯಿತು, ಪಗಾರ ಮನೆಗೆ ಹೋಗುತ್ತಿತ್ತು. ಇತ್ತ ಅಂಗಡಿಯಲ್ಲಿ ನಾವು ನಿಲ್ಲುವ ಜಾಗಕ್ಕೆ ಹಲಗೆ ಬಂತು, ಎತ್ತರದ ಸ್ಟೂಲುಗಳು ಬಂದವು, ಊಟಕ್ಕೆ ಸರದಿ ಹಚ್ಚಿದರು, ವಾರದ ರಜೆ ನಿಜವಾದ ರಜೆಯಾಯಿತು. ಒಳಗೆ ಹಾಕಿಕೊಳ್ಳಲು ಕ್ಯಾನ್ವಾಸಿನ ಬೂಟು ತಂದ ದಿನ ಮಾಲಕರು, "ಇವು ಹೊರಗ ಹೋಗಂಗಿಲ್ಲ, ದೇವ್ರಿಗೂ ಅಡ್ಡಿ ಇಲ್ಲ" ಎಂದರು.

"ದೇವ್ರಿಗೆ ಮೊದಲೂ ಅಡ್ಡಿ ಇರಲಿಲ್ರಿ" ಅಂದೆ. ಈ ಸಲ ಅವರು ನಗಲಿಲ್ಲ, "ಹೌದವಾ" ಎಂದರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಕಾಕಾ ಮರಳಿ ಬಂದ ದಿನ ಸ್ಟೂಲಿನ ಮೇಲೆ ತುದಿಗೆ ಕೂತರು, ಪರರ ಮನೆಯಲ್ಲಿ ಕೂತವರ ಹಾಗೆ. ಕೈಕೋಲಿನ ಹಳೆಯ ಗಿರಾಕಿಯೊಬ್ಬರು ಬಂದು ಹುಬ್ಬು ಗಂಟಿಕ್ಕಿ, "ಏನ್ರೀ, ಕೂತು ಔಷಧಿ ಕೊಡ್ತೀರಾ?" ಎಂದು ಮರಾಠಿಯಲ್ಲಿ ಗದರಿದರು. ಕಾಕಾ ತಟ್ಟನೆ ಎದ್ದರು.

ಗಾದಿಯಿಂದ ಮಾಲಕರ ದನಿ ಬಂತು. "ಅವರು ಏಳುವುದಿಲ್ಲ. ನಿಮಗೂ ಕಾಲು ನೋಯುತ್ತಿದ್ದರೆ ಹೇಳಿ, ಒಂದು ಸ್ಟೂಲು ಕೊಡುತ್ತೇನೆ."

ಅಜ್ಜ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಪುಣೆಯವರು, ಸೋಲುವವರಲ್ಲ. "ಕೊಡಿ ಮತ್ತೆ!" ಎಂದರು. ಅವರೂ ಕಾಕಾನೂ ಎದುರುಬದುರು ಕೂತು ರಕ್ತದೊತ್ತಡದ ಗುಳಿಗೆಯ ಮಾತು ಶುರುಮಾಡಿದರು. ನನಗೆ ಅಳು ಬಂತು, ಬಾಟಲಿ ಜೋಡಿಸುವ ನೆವದಲ್ಲಿ ಒಳಗೆ ಹೋಗಿ ಚೆನ್ನಾಗಿ ಅತ್ತೆ.

ಎಂಬತ್ತರ ದಶಕ ಅರ್ಧ ಕಳೆಯುವವರೆಗೂ ಕಾಕಾ ಅಲ್ಲೇ ದುಡಿದರು. ಕೊನೆಗೆ ತಾವಾಗಿಯೇ ಸಾಕು ಎಂದು ಹೇಳಿ, ಎರಡೂ ಕಾಲಿನ ಮೇಲೆ ನಡೆದು ಮನೆಗೆ ಹೋದರು.